ಎಲೆಕ್ಟ್ರಿಕ್ ಪಿಕಪ್: ಕಾಸಿಗೆ ತಕ್ಕ ಕಜ್ಜಾಯವೇ?

ಅಮೆರಿಕದಲ್ಲಿ ಕಟ್ಟಡಗಳಿಗೆ ವೈರಿಂಗ್ ಮಾಡುವ ಕಂಪನಿಯೊಂದರಲ್ಲಿ ಗಾಡಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಎಲೆಕ್ಟ್ರಿಕ್ ಪಿಕಪ್‌ಗಳು ಬಂದಾಗಿನಿಂದ ಎಲ್ಲರೂ ನನ್ನನ್ನು ಕೇಳುವುದು ಒಂದೇ: ಅದಕ್ಕೆ ಅಷ್ಟು ದುಡ್ಡು ಕೊಡಬಹುದಾ? ಬೆಲೆ ಪಟ್ಟಿ ಎಷ್ಟು ಹೊತ್ತು ನೋಡಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಆ ಗಾಡಿ ಹಗಲೆಲ್ಲ ಏನು ಮಾಡುತ್ತೆ, ರಾತ್ರಿ ಎಲ್ಲಿ ನಿಲ್ಲುತ್ತೆ ಅನ್ನುವುದನ್ನು ಮೊದಲು ನೋಡಬೇಕು. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಇದೇ.

ಬೆಲೆಯಂತೂ ಒಂದು ಕಡೆ ನಿಂತಿಲ್ಲ. ಫೋರ್ಡ್ ಎಫ್-150 ಲೈಟ್ನಿಂಗ್‌ನ ಕೆಲಸದ ಮಾದರಿಗೆ 2021ರಲ್ಲಿ ಹೇಳಿದ ಬೆಲೆ 39,974 ಡಾಲರ್. 2023ರ ಮಾರ್ಚ್ ಹೊತ್ತಿಗೆ ಅದು ಸುಮಾರು 60,000 ಆಯಿತು, ಜುಲೈನಲ್ಲಿ ಮತ್ತೆ 50,000ಕ್ಕೆ ಇಳಿಯಿತು. ಟೆಸ್ಲಾ ಸೈಬರ್‌ಟ್ರಕ್ ಕೂಡ 2019ರಲ್ಲಿ 39,900 ಡಾಲರ್‌ನಿಂದ ಶುರು ಅಂದಿತ್ತು. 2023ರ ಕೊನೆಗೆ ಗಾಡಿ ಕೈಗೆ ಬರುವಾಗ ಪಟ್ಟಿಯಲ್ಲಿದ್ದ ಕನಿಷ್ಠ ಬೆಲೆ 60,990.

ಸರಿ, ಓಡಿಸುವ ಖರ್ಚಿಗೆ ಬರೋಣ. ದೊಡ್ಡ ಬ್ಯಾಟರಿಯ ಲೈಟ್ನಿಂಗ್ 100 ಮೈಲಿಗೆ ಸುಮಾರು 48 ಯೂನಿಟ್ ಕರೆಂಟ್ ತಿನ್ನುತ್ತದೆ. ನಮ್ಮದೇ ಯಾರ್ಡಿನಲ್ಲಿ ಯೂನಿಟ್‌ಗೆ 15 ಸೆಂಟ್ ಅಂತ ಇಟ್ಟುಕೊಂಡರೆ ಏಳು ಡಾಲರ್ ಚಿಲ್ಲರೆ. ಗ್ಯಾಲನ್‌ಗೆ 20 ಮೈಲಿ ಕೊಡುವ ಪೆಟ್ರೋಲ್ ಪಿಕಪ್‌ಗೆ, ಗ್ಯಾಲನ್‌ಗೆ 3.20 ಡಾಲರ್ ಇದ್ದರೆ, ಅಷ್ಟೇ ದೂರಕ್ಕೆ 16 ಡಾಲರ್. ವರ್ಷಕ್ಕೆ 15,000 ಮೈಲಿ ಓಡಿದರೆ ಉಳಿಯುವುದು 1,300 ಡಾಲರ್ ಆಸುಪಾಸು. ಎಲೆಕ್ಟ್ರಿಕ್‌ಗೆ 10,000 ಡಾಲರ್ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು ಏಳು ವರ್ಷದ ಮೇಲೆ ಬೇಕು. ಇಷ್ಟು ನೋಡಿ ಎಷ್ಟೋ ಜನ ಫೈಲ್ ಮುಚ್ಚಿಬಿಡುತ್ತಾರೆ.

ಆದರೆ ಮೈಲಿ ಲೆಕ್ಕಕ್ಕೆ ಸಿಗದ ಖರ್ಚೊಂದಿದೆ. ನಿಂತಲ್ಲೇ ಓಡುವ ಇಂಜಿನ್! ನಮ್ಮ ಮೇಸ್ತ್ರಿಗಳ ಗಾಡಿಗಳು ಸೈಟಿನಲ್ಲಿ ಗಂಟೆಗಟ್ಟಲೆ ಆನ್ ಆಗಿಯೇ ಇರುತ್ತವೆ. ಒಳಗೆ ಎಸಿ, ಹೊರಗೆ ಇನ್ವರ್ಟರ್‌ನಲ್ಲಿ ಡ್ರಿಲ್, ಪೈಪ್ ಕತ್ತರಿಸುವ ಗರಗಸ. ದೊಡ್ಡ ಇಂಜಿನ್ ಸುಮ್ನೆ ನಿಂತರೂ ಗಂಟೆಗೆ ಅರ್ಧ ಗ್ಯಾಲನ್ ಸುಡುತ್ತದೆ. ದಿನಕ್ಕೆ ಮೂರು ಗಂಟೆ, ವರ್ಷಕ್ಕೆ 250 ದಿನ ಅಂದರೂ 375 ಗ್ಯಾಲನ್, 1,200 ಡಾಲರ್! ಅದೇ ಲೈಟ್ನಿಂಗ್‌ನಿಂದ, ಆ ಸೌಲಭ್ಯ ಇರುವ ಮಾದರಿ ತಗೊಂಡಿದ್ದರೆ, 9.6 ಕಿಲೋವ್ಯಾಟ್‌ವರೆಗೆ ಕರೆಂಟ್ ಹೊರಗೆ ತೆಗೆಯಬಹುದು. ಹಿಂದೆ ಸಾಮಾನು ಹಾಕುವ ಜಾಗದಲ್ಲೇ ಸಾಕೆಟ್ ಇರುತ್ತದೆ, ವೈರ್ ಚುಚ್ಚಿದರೆ ಕೆಲಸ ಶುರು. ಸದ್ದಿಲ್ಲ, ಹೊಗೆಯಿಲ್ಲ, ಬೇರೆ ಜನರೇಟರ್ ಹೊತ್ತು ತರಬೇಕಿಲ್ಲ. ಸಾಕೆಟ್‌ಗೆ ಹೋಗುವ ಕರೆಂಟಿನ ಖರ್ಚು ಸ್ವಲ್ಪ ಇದ್ದೇ ಇದೆ, ಆದರೂ ಏಳು ವರ್ಷದ ಲೆಕ್ಕ ನಾಲ್ಕು ವರ್ಷದ ಹತ್ತಿರಕ್ಕೆ ಬರುತ್ತದೆ. ಇಂಥ ಗಾಡಿಗೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

ಟ್ರೇಲರ್ ಎಳೆಯುವ ಗಾಡಿಗೆ ಹಾಕುವುದಿಲ್ಲ. 10,000 ಪೌಂಡ್ ಎಳೆಯುತ್ತದೆ ಅನ್ನುವುದು ಸುಳ್ಳಲ್ಲ, ಎಳೆಯುತ್ತದೆ. ಎಷ್ಟು ದೂರ ಅನ್ನುವುದು ಮುಖ್ಯ. ಪೆಟ್ಟಿಗೆಯಂಥ ಎತ್ತರದ ಟ್ರೇಲರ್ ಸಿಕ್ಕಿಸಿ ಹೆದ್ದಾರಿಗೆ ಇಳಿದರೆ 320 ಮೈಲಿಯ ಗಾಡಿ ಅದರ ಅರ್ಧ ದೂರಕ್ಕೇ ಚಾರ್ಜ್ ಕೇಳುತ್ತದೆ. ತೂಕಕ್ಕಿಂತ ಗಾಳಿಯ ತಡೆಯೇ ಇಲ್ಲಿ ದೊಡ್ಡ ಶತ್ರು. ಆಮೇಲೆ ಚಾರ್ಜಿಂಗ್ ಸ್ಟೇಷನ್. ಹೆಚ್ಚಿನ ಕಡೆ ಮೂತಿ ತೂರಿಸಿ ನಿಲ್ಲಿಸುವಷ್ಟೇ ಜಾಗ. ಡ್ರೈವರ್ ಇಳಿದು ಜಾಕ್ ಇಳಿಸಬೇಕು, ಸರಪಳಿ ಬಿಚ್ಚಬೇಕು, ಲೈಟಿನ ವೈರ್ ಕೀಳಬೇಕು, ಟ್ರೇಲರನ್ನು ಎಲ್ಲೋ ಒಂದು ಮೂಲೆಯಲ್ಲಿ ಬಿಟ್ಟು ಬರಬೇಕು. ಚಾರ್ಜ್ ಆದ ಮೇಲೆ ಎಲ್ಲ ಮತ್ತೆ ಕಟ್ಟಬೇಕು. ಆ ಹೊತ್ತಿಗೂ ಅವನಿಗೆ ಸಂಬಳ ಕೊಡುತ್ತೇವೆ ಅಲ್ವಾ? ಅಲ್ಲಿ ಯೂನಿಟ್‌ಗೆ 45 ಸೆಂಟ್ ಆದರೆ 100 ಮೈಲಿಗೆ 21 ಡಾಲರ್ ದಾಟುತ್ತದೆ, ಅದೂ ಟ್ರೇಲರ್ ಇಲ್ಲದೆ. ಪೆಟ್ರೋಲೇ ಅಗ್ಗ.

ಯಾರ್ಡಿನಲ್ಲೂ ಒಂದು ಎಚ್ಚರಿಕೆ ಬೇಕು. ಕಂಪನಿಗಳ ಕರೆಂಟ್ ಬಿಲ್‌ನಲ್ಲಿ ಸಾಮಾನ್ಯವಾಗಿ ಡಿಮ್ಯಾಂಡ್ ಚಾರ್ಜ್ ಅಂತ ಬೇರೆಯೇ ಇರುತ್ತದೆ. ತಿಂಗಳಲ್ಲಿ ಯಾವುದೋ 15 ನಿಮಿಷ ಅತಿ ಜಾಸ್ತಿ ಎಳೆದಿದ್ದರೆ ಅದರ ಮೇಲೆ ಆ ದುಡ್ಡು. ಸಂಜೆ ಬಂದವರೆಲ್ಲ ಒಟ್ಟಿಗೆ ಚುಚ್ಚಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ರಾತ್ರಿಯಿಡೀ ಸರದಿ ಮೇಲೆ ಚಾರ್ಜ್ ಆಗುವಂತೆ ಮೊದಲ ದಿನವೇ ಹೊಂದಿಸಿಡಿ.

2025ರ ಸೆಪ್ಟೆಂಬರ್ 30ರ ನಂತರ ಕೊಂಡ ಗಾಡಿಗಳಿಗೆ ಫೆಡರಲ್ ತೆರಿಗೆ ರಿಯಾಯಿತಿ ಇಲ್ಲ. ಅದೇ ಡಿಸೆಂಬರ್‌ನಲ್ಲಿ ಫೋರ್ಡ್, ಬರೀ ಬ್ಯಾಟರಿಯ ಲೈಟ್ನಿಂಗ್ ತಯಾರಿಕೆ ನಿಲ್ಲಿಸಿ ಬ್ಯಾಟರಿ ಚಾರ್ಜ್ ಮಾಡುವ ಪೆಟ್ರೋಲ್ ಜನರೇಟರ್ ಒಳಗೇ ಇರುವ ಮಾದರಿ ತರುವುದಾಗಿ ಹೇಳಿತು. ಅದಕ್ಕೇ ಈಗ ನಾನು ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೇ ಹುಡುಕುತ್ತಿದ್ದೇನೆ. ಇವುಗಳ ಬೆಲೆ ಬೇಗ ಇಳಿಯುತ್ತದೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1,00,000 ಮೈಲಿ ವಾರಂಟಿ ಇರುವುದರಿಂದ, ಕಡಿಮೆ ಓಡಿದ ಮೂರು ವರ್ಷದ ಗಾಡಿಯಲ್ಲಿ ಇನ್ನೂ ಐದು ವರ್ಷ ಬಾಕಿ ಇರುತ್ತದೆ. ಮೇಸ್ತ್ರಿಗಳಿಗೆ ಅದು ಧಾರಾಳ ಸಾಕು.