ಓವರಿ ಆಪರೇಷನ್ ಆದ ಮೇಲೆ ಮಗು ಆಗುತ್ತಾ?

"ಅಕ್ಕಾ, ಓವರಿ ಆಪರೇಷನ್ ಆಗಿದೆ. ಇನ್ನು ನನಗೆ ಮಗು ಆಗುತ್ತಾ?"

ನನ್ನ ಬಲಗಡೆ ಓವರಿ, ಅಂದರೆ ಅಂಡಾಶಯ ತೆಗೆದಿದ್ದಾರೆ, ಆಮೇಲೂ ಮಗಳು ಹುಟ್ಟಿದಳು ಎಂದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಮೆಲ್ಲಗೆ ಕೇಳಿದವರಿದ್ದಾರೆ. ಮಗಳಿಗೋಸ್ಕರ ಫೋನ್ ಮಾಡಿದ ಅಮ್ಮಂದಿರಿದ್ದಾರೆ. ಬಹಳಷ್ಟು ಜನರಿಗೆ ಮಗು ಆಗುತ್ತದೆ. ಆದರೆ ನಿಮ್ಮ ವಿಷಯ ತಿಳಿಯಬೇಕಾದರೆ ನನ್ನ ಕಥೆ ಸಾಲದು, ನಿಮ್ಮ ಆಸ್ಪತ್ರೆ ಫೈಲ್ ಬೇಕು.

ಹಾಗಾಗಿ "ಡಿಸ್ಚಾರ್ಜ್ ಸಮರಿ ಎಲ್ಲಿದೆ?" ಎಂದೇ ನಾನು ಮೊದಲು ಕೇಳುವುದು. ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿರುವುದು "ಗಡ್ಡೆ ತೆಗೆದ್ರು" ಎನ್ನುವುದಷ್ಟೇ. ಕಾಗದವೆಲ್ಲ ಅಪ್ಪನ ಹತ್ತಿರವೋ, ಗಂಡನ ಮನೆ ಬೀರುವಿನಲ್ಲೋ ಇರುತ್ತದೆ. ತರಿಸಿಕೊಳ್ಳಿ. ಆಪರೇಷನ್ ಹೆಸರು ನೋಡಿ. ಸಿಸ್ಟೆಕ್ಟಮಿ ಎಂದಿದ್ದರೆ ಗಡ್ಡೆ ಮಾತ್ರ ತೆಗೆದು ಓವರಿ ಉಳಿಸಿದ್ದಾರೆ. ಊಫೊರೆಕ್ಟಮಿ ಎಂದಿದ್ದರೆ ಆ ಕಡೆಯ ಓವರಿಯನ್ನೇ ತೆಗೆದಿದ್ದಾರೆ. ಟ್ಯೂಬ್ (ಅಂಡಾಣು ಗರ್ಭಕೋಶಕ್ಕೆ ಸಾಗುವ ನಾಳ) ಉಳಿದಿದೆಯಾ, ಇನ್ನೊಂದು ಕಡೆ ಹೇಗಿತ್ತು ಎನ್ನುವುದೂ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಜೊತೆಗೆ ಬಯಾಪ್ಸಿ ರಿಪೋರ್ಟ್ ಇಟ್ಟುಕೊಳ್ಳಿ. ಗಡ್ಡೆ ಯಾವ ಜಾತಿಯದು ಎಂದು ಖಚಿತವಾಗುವುದು ಅದರಿಂದ.

ಒಂದು ಓವರಿ ಹೋದರೆ ತಿಂಗಳು ಬಿಟ್ಟು ತಿಂಗಳು ಮಾತ್ರ ಅಂಡಾಣು ಬರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಉಳಿದದ್ದು ಚೆನ್ನಾಗಿದ್ದರೆ ಸಾಮಾನ್ಯವಾಗಿ ತಿಂಗಳು ತಿಂಗಳೂ ಅದೇ ಅಂಡಾಣು ಬಿಡುತ್ತದೆ. ಎಡ ಓವರಿಯ ಅಂಡಾಣುವನ್ನು ಬಲಗಡೆಯ ಟ್ಯೂಬ್ ಎಳೆದುಕೊಳ್ಳುವುದೂ ಉಂಟು.

ನನ್ನದು ಡರ್ಮಾಯ್ಡ್. ಒಳಗೆ ಕೊಬ್ಬು, ಕೂದಲು, ಕೆಲವರಿಗೆ ಹಲ್ಲು ಕೂಡ ಇರುವ ಗಡ್ಡೆ. ಕೇಳಿದರೆ ಭಯವಾಗುತ್ತದೆ ಅಲ್ವಾ? ಆದರೆ ಬಹುತೇಕ ಕ್ಯಾನ್ಸರ್ ಅಲ್ಲ. ಚಾಕೊಲೇಟ್ ಸಿಸ್ಟ್ ವಿಷಯ ಬೇರೆ. ಅದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಓವರಿಯಲ್ಲಿ ಬೆಳೆದು, ಹಳೇ ರಕ್ತ ಕಟ್ಟಿಕೊಂಡಿರುತ್ತದೆ. ಗಡ್ಡೆಯ ಗೋಡೆ ಓವರಿಗೆ ಬಿಗಿಯಾಗಿ ಅಂಟಿರುತ್ತದೆ. ಅದನ್ನು ಸುಲಿದು ತೆಗೆಯುವಾಗ ಒಳ್ಳೆಯ ಅಂಡಾಣುಗಳೂ ಒಂದಷ್ಟು ಹೋಗುತ್ತವೆ. ರಕ್ತ ನಿಲ್ಲಿಸಲು ಸುಡುವ ಶಾಖಕ್ಕೆ ಇನ್ನಷ್ಟು ಹೋಗುತ್ತವೆ. ಇಷ್ಟಾದರೂ ಗಡ್ಡೆ ಮತ್ತೆ ಬರಬಹುದು. ಎರಡನೇ ಆಪರೇಷನ್ ಎಂದರೆ ಸುಮ್ನೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಐವಿಎಫ್‌ಗೆ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮುಂಚೆ ಇದನ್ನು ಮಾಮೂಲಾಗಿ ತೆಗೆಯುವುದು ಬೇಡ ಎಂದು ಯುರೋಪಿನ ತಜ್ಞರ ಸಂಘ ತನ್ನ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ನೋವು ಜಾಸ್ತಿಯಿದ್ದರೆ ಲೆಕ್ಕ ಬೇರೆ.

ಎಎಂಎಚ್ ಎನ್ನುವ ರಕ್ತ ಪರೀಕ್ಷೆಯ ರಿಪೋರ್ಟ್ ಹಿಡಿದು ಅಳುತ್ತಾ ಫೋನ್ ಮಾಡುವವರಿಗೆ ಹೇಳುವುದಿಷ್ಟು. ಆಪರೇಷನ್ ಆದ ಹೊಸತರಲ್ಲಿ ಆ ಅಂಕಿ ಇಳಿಯುತ್ತದೆ, ಕೆಲವರಿಗೆ ಕೆಲವು ತಿಂಗಳಲ್ಲಿ ಸ್ವಲ್ಪ ಏರುತ್ತದೆ. ಎಷ್ಟು ಅಂಡಾಣು ಉಳಿದಿರಬಹುದು ಎನ್ನುವ ಅಂದಾಜು ಅದು. ಅವುಗಳ ಗುಣ ನಿಂತಿರುವುದು ಹೆಚ್ಚಾಗಿ ವಯಸ್ಸಿನ ಮೇಲೆ. 2017ರಲ್ಲಿ ಅಮೆರಿಕದಲ್ಲಿ ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವರ್ಷದ ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಎಎಂಎಚ್ ಕಡಿಮೆ ಇದ್ದವರು ತಾನಾಗಿ ಗರ್ಭಿಣಿಯಾಗುವ ಸಾಧ್ಯತೆ ಉಳಿದವರಿಗಿಂತ ಕಡಿಮೆ ಇರಲಿಲ್ಲ.

35ರ ಒಳಗಿನವರು ಒಂದು ವರ್ಷ, ಅದು ದಾಟಿದವರು 6 ತಿಂಗಳು ಪ್ರಯತ್ನಿಸಿ ಆಮೇಲೆ ಬನ್ನಿ ಎನ್ನುವುದು ವಾಡಿಕೆ. ನಮ್ಮಂಥವರು ಅಷ್ಟು ಕಾಯಬಾರದು, ಚಾಕೊಲೇಟ್ ಸಿಸ್ಟ್ ಇದ್ದವರಂತೂ ಶುರುವಿನಲ್ಲೇ ಡಾಕ್ಟರ ಹತ್ತಿರ ಹೋಗಬೇಕು. ಫೋಲಿಕ್ ಆ್ಯಸಿಡ್ ಮಾತ್ರೆಯನ್ನೂ ಆಗಲೇ ಶುರು ಮಾಡಬೇಕು.

ನನಗೆ ಸಿಟ್ಟು ಬರುವ ವಿಷಯ ಇನ್ನೊಂದಿದೆ. ಆಪರೇಷನ್ ಆಗಿರುವುದು ಸೊಸೆಗೆ, ಅಂದ ಮೇಲೆ ತೊಂದರೆಯೂ ಅವಳದ್ದೇ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಡುತ್ತಾರೆ. "ಏನಾದ್ರೂ ವಿಶೇಷ?" ಎಂದು ಕೇಳುವುದೂ ಅವಳನ್ನೇ. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸುತ್ತಾರೆ, ಹರಕೆ ಹೊರುತ್ತಾರೆ. ಮಾಡಿಸಲಿ, ಬೇಡ ಅನ್ನುವುದಿಲ್ಲ. ಆದರೆ ಗಂಡನ ವೀರ್ಯ ಪರೀಕ್ಷೆ ಮಾತ್ರ ಎಲ್ಲ ಮುಗಿದ ಮೇಲೆ! ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಖರ್ಚೂ ಕಡಿಮೆ. ಅದನ್ನು ಮೊದಲೇ ಮಾಡಿಸಿ. ಅದರ ರಿಪೋರ್ಟ್ ಬಾರದೆ ನಿಮ್ಮ ಮೇಲೆ ಇನ್ನೊಂದು ಚಿಕಿತ್ಸೆಗೆ ಒಪ್ಪಬೇಡಿ.

ಎರಡೂ ಓವರಿ ಹೋದವರೂ ನನ್ನನ್ನು ಕೇಳಿದ್ದಾರೆ. ಮುಂಚೆಯೇ ಅಂಡಾಣು ಶೇಖರಿಸಿಟ್ಟಿರದಿದ್ದರೆ ಸ್ವಂತ ಅಂಡಾಣುವಿನಿಂದ ಆಗುವುದಿಲ್ಲ. ಗರ್ಭಕೋಶ ಇದ್ದರೆ ದಾನಿಯ ಅಂಡಾಣುವಿನಿಂದ ಐವಿಎಫ್ ಮಾಡಿಸಬಹುದು. ನಮ್ಮ ದೇಶದ 2021ರ ಕಾನೂನಿನಲ್ಲಿ ಮಹಿಳೆಗೆ 50 ವರ್ಷದ ಮಿತಿಯಿದೆ.

ಒಂದೇ ಓವರಿ ಇರುವವರಿಗೆ ಒಂದು ಮಾತು. ಕೆಳಹೊಟ್ಟೆಯ ಒಂದು ಪಕ್ಕ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಗ್ಯಾಸ್ಟ್ರಿಕ್ ಎಂದು ಬೆಳಗಿನವರೆಗೆ ಕಾಯಬೇಡಿ. ಓವರಿ ತಿರುಚಿಕೊಂಡಿರಬಹುದು. ನನ್ನದು ಹೋದದ್ದು ಹಾಗೆಯೇ. ಬೇಗ ಹೋದರೆ ತಿರುಚು ಬಿಡಿಸಿ ಉಳಿಸುವ ಸಾಧ್ಯತೆ ಹೆಚ್ಚು. ಎಷ್ಟೇ ಹೊತ್ತಾಗಿದ್ದರೂ ಎಮರ್ಜೆನ್ಸಿಗೆ ಹೋಗಿ, ನಿಮಗಿರುವುದು ಒಂದೇ ಓವರಿ ಎಂದು ಡ್ಯೂಟಿ ಡಾಕ್ಟರಿಗೆ ಮೊದಲೇ ಹೇಳಿ.