ಪೈನ್ ಮರವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹಳೆಯ ಮನೆಯ ಅಡುಗೆಮನೆಗೆ ಪಡುವಣ ದಿಕ್ಕಿನಲ್ಲಿ ಒಂದು ಕಿಟಕಿಯಿದೆ. 2019ರ ಬೇಸಿಗೆಯಲ್ಲಿ ಅದಕ್ಕೆ ಪೈನ್ ಮರದ ಹೊಸ ಚೌಕಟ್ಟು ಮಾಡಿಸಿದೆ. ಬೆಳ್ಳನೆಯ, ನೇರ ಎಳೆಯ ಮರ. ಹತ್ತರಿ ಹೊಡೆಯುವಾಗ ಹೊಟ್ಟು ಸುರುಳಿ ಸುರುಳಿಯಾಗಿ ಎದ್ದು ಬಂದು ಅಂಗಳವೆಲ್ಲ ರಾಳದ ಪರಿಮಳ ತುಂಬಿಕೊಂಡಿತ್ತು. ಕಾಡು ಕಡಿಯದೆ, ಬೆಳೆಸಿದ ಮರದಿಂದಲೇ ಕೆಲಸ ಮುಗಿಯಿತಲ್ಲ ಎಂಬ ಸಮಾಧಾನವೂ ನನಗಿತ್ತು. ಮೂರನೆಯ ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಅಡ್ಡಪಟ್ಟಿಯ ಮೂಲೆಯಲ್ಲಿ ಬಣ್ಣ ಉಬ್ಬಿಕೊಂಡಿತು. ಹೆಬ್ಬೆರಳಿನಿಂದ ಒತ್ತಿದರೆ ನೆನೆದ ರಟ್ಟಿನಂತೆ ಮರ ಒಳಕ್ಕೆ ಕುಸಿಯಿತು. ಚೌಕಟ್ಟು ಮಾಡಿದ ಆಚಾರಿಯವರನ್ನು ಕರೆದು ತೋರಿಸಿದೆ. ಅವರು ಉಳಿಯ ತುದಿಯಿಂದ ಸ್ವಲ್ಪ ಕೆದಕಿ ನೋಡಿ, "ಇದನ್ನ ನೀರು ಬೀಳೂ ಕಡೆ ಹಾಕೂದಲ್ಲ ಮಾರಾಯ್ರೆ. ಒಳಗೆ ಹಾಕಿದ್ರೆ ಮೊಮ್ಮಕ್ಕಳ ಕಾಲಕ್ಕೂ ಇರ್ತಿತ್ತು" ಎಂದರು.

ಪರಿಸರಕ್ಕೆ ಹೊರೆಯಾಗದ ಮರ ಯಾವುದು ಎಂಬ ಪ್ರಶ್ನೆಯನ್ನು ಆ ದಿನದಿಂದ ನಾನು ಬೇರೆ ರೀತಿಯಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಇಪ್ಪತ್ತೇಳು ವರ್ಷ ಬೆಳೆದ ಮರ ಮೂರು ವರ್ಷಕ್ಕೆ ಕೊಳೆತು, ಅದರ ಜಾಗಕ್ಕೆ ಇನ್ನೊಂದು ಮರ ಬೇಕಾಗುವುದಾದರೆ, ಅದು ಎಷ್ಟೇ ಒಳ್ಳೆಯ ನೆಡುತೋಪಿನಿಂದ ಬಂದಿದ್ದರೂ ಆ ಲೆಕ್ಕ ಕೂಡಿಬರುವುದಿಲ್ಲ.

ಇಂಗ್ಲಿಷಿನವರು ಸಾಫ್ಟ್‌ವುಡ್ ಎನ್ನುವುದನ್ನು ನಾವು ಮೆದು ಮರ ಎಂದು ಕರೆದು ಒಂದಿಷ್ಟು ಗೊಂದಲ ಮಾಡಿಕೊಂಡಿದ್ದೇವೆ. ಆ ಹೆಸರು ಸೂಚಿಸುವುದು ಪೈನ್, ಸ್ಪ್ರೂಸ್, ಫರ್, ದೇವದಾರುಗಳಂತಹ ಶಂಕುಧಾರಿ ಮರಗಳನ್ನು. ಉಗುರಿನಿಂದ ಗೀರಿದರೆ ಗೆರೆ ಬೀಳುವ ಬಾಲ್ಸಾ ಶಾಸ್ತ್ರದ ಪ್ರಕಾರ ಹಾರ್ಡ್‌ವುಡ್, ಅಂದರೆ ಅಗಲ ಎಲೆಯ ಮರಗಳ, ಗುಂಪಿಗೆ ಸೇರುತ್ತದೆ, ಬಿಲ್ಲು ಮಾಡಲು ಬಳಸುತ್ತಿದ್ದ ಗಟ್ಟಿಯಾದ ಯೂ ಮರ ಸಾಫ್ಟ್‌ವುಡ್ ಎನಿಸಿಕೊಳ್ಳುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಸಹಜವಾಗಿ ಬೆಳೆಯುವ ಶಂಕುಧಾರಿ ಮರ ಒಂದೇ ಒಂದು, ನೇಗಿಯಾ ವಾಲಿಚಿಯಾನ. ನಿತ್ಯಹರಿದ್ವರ್ಣ ಕಾಡಿನ ಒಳಗೆ ಅಲ್ಲಲ್ಲಿ ಮಾತ್ರ ಉಳಿದಿರುವ ಅದನ್ನು ಕಡಿಯುವ ಮಾತೇ ಇಲ್ಲ. ಆದ್ದರಿಂದ ಕರ್ನಾಟಕದಲ್ಲಿ ಈ ಜಾತಿಯ ಮರ ಬೇಕೆಂದರೆ ಒಂದೋ ಹಿಮಾಲಯದಿಂದ ಬರಬೇಕು, ಇಲ್ಲವೇ ಹಡಗಿನಲ್ಲಿ ಬರಬೇಕು. 1988ರ ರಾಷ್ಟ್ರೀಯ ಅರಣ್ಯ ನೀತಿ ನೈಸರ್ಗಿಕ ಕಾಡುಗಳಿಂದ ಕೈಗಾರಿಕೆಗೆ ಮರ ಒದಗಿಸುವುದನ್ನು ನಿರುತ್ತೇಜಿಸಿತು. 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಕಾಡಿನ ಕಡಿತಲೆಯನ್ನು ಇನ್ನಷ್ಟು ಬಿಗಿ ಮಾಡಿತು. ನಮ್ಮ ಟಿಂಬರ್ ಯಾರ್ಡುಗಳಲ್ಲಿ ವಿದೇಶಿ ಪೈನ್ ಕಾಣಿಸಿಕೊಂಡದ್ದಕ್ಕೆ ಈ ಹಿನ್ನೆಲೆಯೂ ಇದೆ.

ಇವುಗಳಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ನ್ಯೂಜಿಲೆಂಡಿನ ರೇಡಿಯಾಟಾ ಪೈನ್. ಅದರ ತವರು ನ್ಯೂಜಿಲೆಂಡ್ ಅಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯ ಕೆಲವು ತುಣುಕು ಜಾಗಗಳಲ್ಲಿ ಮತ್ತು ಮೆಕ್ಸಿಕೋದ ಎರಡು ದ್ವೀಪಗಳಲ್ಲಿ ಮಾತ್ರ ಅದು ಸಹಜವಾಗಿ ಬೆಳೆಯುತ್ತದೆ, ಅಲ್ಲಿ ಅದು ಅಳಿವಿನಂಚಿನ ಮರ. ನ್ಯೂಜಿಲೆಂಡಿನಲ್ಲಾದರೋ ಸುಮಾರು 17 ಲಕ್ಷ ಹೆಕ್ಟೇರ್ ನೆಡುತೋಪಿನ ಹತ್ತರಲ್ಲಿ ಒಂಬತ್ತು ಪಾಲು ಇದೇ ಮರವಿದ್ದು, 25ರಿಂದ 30 ವರ್ಷಕ್ಕೆ ಕಟಾವಿಗೆ ಬರುತ್ತದೆ. ಸಹಜ ಕಾಡಿನ ಮೇಲಿನ ಒತ್ತಡವನ್ನು ಈ ತೋಪುಗಳು ತಗ್ಗಿಸಿವೆ ಎಂಬುದು ನಿಜ. ಆದರೆ 2023ರ ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತ ಬಂದಾಗ, ಆ ದೇಶದ ಪೂರ್ವ ಕರಾವಳಿಯ ಕಡಿದಾದ ಗುಡ್ಡಗಳಲ್ಲಿ ಕಟಾವಿನ ನಂತರ ಬಿಟ್ಟಿದ್ದ ರೆಂಬೆ, ತುಂಡುಗಳೆಲ್ಲ ಹೊಳೆಗಳಲ್ಲಿ ಕೊಚ್ಚಿಕೊಂಡು ಬಂದು ಸೇತುವೆಗಳಿಗೆ ಬಡಿದವು, ಹೊಲಗಳನ್ನು ಮುಚ್ಚಿದವು, ಕಡಲತೀರದಲ್ಲಿ ರಾಶಿ ಬಿದ್ದವು. ಗುಡ್ಡ ಕುಸಿಯುವುದನ್ನು ಪ್ರತಿ ಮಳೆಗಾಲದಲ್ಲೂ ನೋಡುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಜಾತಿಯ ಮರವನ್ನು ಇಳಿಜಾರಿನ ತುಂಬ ನೆಟ್ಟು ಒಂದೇ ಬಾರಿಗೆ ಬೋಳು ಮಾಡಿದರೆ, ನೆಟ್ಟು ಬೆಳೆಸಿದ ಮರ ಎಂಬ ಕಾರಣಕ್ಕೇ ಅದಕ್ಕೆ ಒಳ್ಳೆಯ ಹೆಸರು ಸಲ್ಲುವುದಿಲ್ಲ.

ಹಾಗಾಗಿ ಮರದ ಜಾತಿಯ ಜೊತೆಗೆ ಅದು ಬಂದ ತೋಪನ್ನೂ ಕೇಳಬೇಕು. ಕಾಡು, ತೋಪುಗಳನ್ನು ಜವಾಬ್ದಾರಿಯಿಂದ ನಿರ್ವಹಿಸಿ ತಂದ ಮರಕ್ಕೆ ಕೊಡುವ ಪ್ರಮಾಣಪತ್ರದ ಗುರುತುಗಳು, ಅಂದರೆ 1993ರಲ್ಲಿ ಆರಂಭವಾದ ಎಫ್‌ಎಸ್‌ಸಿ ಮತ್ತು ಅನಂತರ ಬಂದ ಪಿಇಎಫ್‌ಸಿ, ಇದಕ್ಕೆ ತಕ್ಕಮಟ್ಟಿಗೆ ನೆರವಾಗುತ್ತವೆ. ಗೋಡೆಗೆ ಅಂಟಿಸಿದ ಪ್ರಮಾಣಪತ್ರವನ್ನಷ್ಟೇ ನೋಡಿ ಬರಬಾರದು. ನೀವು ಕೊಳ್ಳುವ ಮರದ ಬಿಲ್ಲಿನಲ್ಲೇ ಪ್ರಮಾಣಪತ್ರದ ಸಂಖ್ಯೆ ಮತ್ತು ಅದು ಯಾವ ವರ್ಗದ್ದು ಎಂಬುದು ನಮೂದಾಗಿರಬೇಕು. 'ಮಿಕ್ಸ್' ಎಂದಿದ್ದರೆ ಅದರಲ್ಲಿ ಪ್ರಮಾಣಿತವಲ್ಲದ ತೋಪಿನ ಮರವೂ ಸೇರಿರಬಹುದು. ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು. ನಾನು ಕೇಳಿದ ಒಂದು ಅಂಗಡಿಯಲ್ಲಿ ತೋರಿಸಿದ ಸಂಖ್ಯೆಯ ಅವಧಿ ಮುಗಿದು ಎರಡು ವರ್ಷವಾಗಿತ್ತು.

ಇನ್ನು ಬಾಳಿಕೆಯ ವಿಷಯ, ನನ್ನ ಕಿಟಕಿ ಕಲಿಸಿದ ಪಾಠ. ತೇಗದ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ಮರದಲ್ಲಿ, ಗೆದ್ದಲನ್ನೂ ಶಿಲೀಂಧ್ರವನ್ನೂ ದೂರ ಇಡುವ ರಾಸಾಯನಿಕಗಳು ಹುಟ್ಟಿನಿಂದಲೇ ಇರುತ್ತವೆ. ಬೇಗ ಬೆಳೆದ ರೇಡಿಯಾಟಾದಲ್ಲಿ ಹೆಚ್ಚಿನ ಪಾಲು ಹೊರಗಿನ ಬಿಳಿ ಮರವೇ ಆಗಿದ್ದು, ಅದಕ್ಕೆ ಅಂಥ ರಕ್ಷಣೆ ಇಲ್ಲ. ಆದರೆ ಅದಕ್ಕೊಂದು ದೊಡ್ಡ ಗುಣವಿದೆ: ಕೊಳೆ, ಗೆದ್ದಲು ತಡೆಯುವ ಔಷಧವನ್ನು ಒತ್ತಡದಲ್ಲಿ ಕೊಟ್ಟರೆ ಬಿಳಿ ಭಾಗದ ಆಳದವರೆಗೂ ಹೀರಿಕೊಳ್ಳುತ್ತದೆ. ಯುರೋಪಿನ ಸ್ಪ್ರೂಸ್ ಹಾಗಲ್ಲ. ಒಣಗುವಾಗ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುವುದರಿಂದ ಔಷಧ ಮೇಲುಮೇಲಷ್ಟೇ ಇಳಿಯುತ್ತದೆ. ಹೀಗಾಗಿ ಸ್ಪ್ರೂಸ್ ಒಳಾಂಗಣದ ಅಟ್ಟ, ಮುಚ್ಚಿಗೆ, ಕಪಾಟುಗಳಿಗೆ ಸರಿ, ನಮ್ಮ ಜಗಲಿಯ ಅಂಚಿಗೆ ಸಲ್ಲದು. ಕೆನಡಾದ ವೆಸ್ಟರ್ನ್ ರೆಡ್ ಸೀಡರ್ ಔಷಧವಿಲ್ಲದೆಯೂ ಮಳೆ ತಡೆಯುತ್ತದೆ, ಆದರೆ ಅದರ ರಸ ಕಬ್ಬಿಣದ ಮೊಳೆಯನ್ನು ತಿಂದು ಕಪ್ಪು ಕಲೆ ಬಿಡುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯನ್ನೇ ಹೊಡೆಯಬೇಕು. ಶತಮಾನಗಳ ಹಳೆಯ ಕಾಡಿನಿಂದ ಕಡಿದ ಸೀಡರ್ ಕೂಡ ಮಾರುಕಟ್ಟೆಗೆ ಬರುವುದರಿಂದ ಮೂಲ ಗೊತ್ತಿಲ್ಲದೆ ನಾನಂತೂ ಕೊಳ್ಳುವುದಿಲ್ಲ. ಹಂಚಿನ ಮಾಡಿನ ಭಾರ ಹೊರುವ ತೊಲೆ, ಪಕಾಸುಗಳಿಗೆ ರೇಡಿಯಾಟಾಕ್ಕಿಂತ ಡಗ್ಲಸ್ ಫರ್ ಬಿಗಿಯಾದ ಮರ.

ಔಷಧ ಹೊಡೆದ ಮರದ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ತಿಳಿ ಹಸಿರು ಛಾಯೆಯ ಮರದಲ್ಲಿ ತಾಮ್ರದ ಜೊತೆಗೆ ಕ್ರೋಮಿಯಂ, ಆರ್ಸೆನಿಕ್ ಇರುವ ಸಿಸಿಎ ಔಷಧ ಇರಬಹುದು. ಕಂಬಕ್ಕೆ, ಬೇಲಿಗೆ ಅದು ಆದೀತು. ಮಕ್ಕಳ ಮಂಚಕ್ಕೆ, ಅಡುಗೆಮನೆಯ ಹಲಗೆಗೆ ಖಂಡಿತ ಬೇಡ. ನಮ್ಮಲ್ಲಿ ಬಡಗಿ ಕೆಲಸದ ಚೂರುಗಳೆಲ್ಲ ನೇರವಾಗಿ ಬಚ್ಚಲ ಒಲೆಗೆ ಹೋಗುವ ರೂಢಿಯಿದೆ. ಈ ಮರದ ಚೂರನ್ನು ಹಾಗೆ ಸುಡಬಾರದು. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ, ಆ ಬೂದಿ ಮತ್ತೆ ತೋಟದ ಬುಡಕ್ಕೆ ಹೋಗುತ್ತದೆ. ಮನೆಯೊಳಗಿನ ಪೀಠೋಪಕರಣಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಔಷಧ ಸಾಕು. ಅದು ನೀರಿನಲ್ಲಿ ತೊಳೆದು ಹೋಗುವುದರಿಂದ ಮಳೆಗೆ ಒಡ್ಡುವ ಮರಕ್ಕೆ ಮಾತ್ರ ಉಪಯೋಗವಿಲ್ಲ.

ಒಣಗಿದ ಮಟ್ಟವನ್ನೂ ಅಳೆಯಬೇಕು. ಬೆಂಗಳೂರಿನ ಗೋದಾಮಿನಲ್ಲಿ ನನ್ನ ತೇವಮಾಪಕ 11% ತೋರಿಸಿದ ಹಲಗೆಯನ್ನು ಆಗಸ್ಟ್‌ನಲ್ಲಿ ಊರಿನ ಜಗಲಿಯಲ್ಲಿ ಎರಡು ವಾರ ಬಿಟ್ಟು ಅಳೆದಾಗ 17% ಬಂತು, ಆರಿಂಚು ಅಗಲದ ಹಲಗೆ ಎರಡು ಮಿಲಿಮೀಟರ್ ಹಿಗ್ಗಿತ್ತು. ಅದನ್ನು ಬೇಸಿಗೆಯಲ್ಲಿ ಸಂದಿಯಿಲ್ಲದೆ ಜೋಡಿಸಿದ್ದರೆ ಮಳೆಗಾಲದಲ್ಲಿ ಉಬ್ಬಿ ಏಳುತ್ತಿತ್ತು.

ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್‌ಗಳಿಂದ ಬಿಡಿಸಿದ ಹಳೆಯ ಪೈನ್ ಹಲಗೆ ಈಗ ನಗರಗಳಲ್ಲಿ ಸುಲಭವಾಗಿ ಸಿಗುತ್ತದೆ, ಪುಸ್ತಕದ ಕಪಾಟಿಗೆ ಪರಿಸರಕ್ಕೆ ಅದಕ್ಕಿಂತ ಕಡಿಮೆ ಹೊರೆಯ ಮರ ಇಲ್ಲವೆಂದೇ ನನ್ನ ಅಭಿಪ್ರಾಯ. ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳು 56 ಡಿಗ್ರಿ ಶಾಖದಲ್ಲಿ 30 ನಿಮಿಷ ಇದ್ದಿದೆ ಎಂದರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಬಿಟ್ಟುಬಿಡಿ. ಎಚ್‌ಟಿ ಮರದಲ್ಲಿ ಒಳಗಿದ್ದ ಹುಳು ಸತ್ತಿರುತ್ತದೆ ಅಷ್ಟೆ, ನಾಳೆ ಬರುವ ಗೆದ್ದಲಿಗೆ ಅದು ತಡೆಯಲ್ಲ.

ಹಡಗಿನ ಮರವೇ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸಿಲ್ವರ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಅಲ್ಲ, ಶಂಕುಧಾರಿಯೂ ಅಲ್ಲ, ಆಸ್ಟ್ರೇಲಿಯಾದಿಂದ ಬಂದ ಮರ. ಆದರೆ ಪೈನ್ ಮಾಡುವ ಒಳಾಂಗಣದ ಕೆಲಸಗಳನ್ನೆಲ್ಲ ಬಹುಮಟ್ಟಿಗೆ ಮಾಡುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತಿರುವ ಈ ಮರವನ್ನು ಕಡಿಯಲು ನಮ್ಮ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿಯೂ ಇದೆ. ಕಾಡುಮರಗಳ ನೆರಳನ್ನೆಲ್ಲ ತೆಗೆದು ಇದೊಂದನ್ನೇ ನೆಡುವ ತೋಟಗಳ ಬಗ್ಗೆ ನನಗೆ ತಕರಾರಿದೆ. ಮಿಶ್ರ ನೆರಳಿನ ತೋಟದಿಂದ ಬಂದದ್ದಾದರೆ ಮನಸಾರೆ ಕೊಳ್ಳುತ್ತೇನೆ.

ಕೊಳೆತ ಕಿಟಕಿಗೆ ಈಗ ಕೆಡವಿದ ಮನೆಯೊಂದರ ತೇಗದ ಚೌಕಟ್ಟನ್ನು ಕೊಯ್ಯಿಸಿ ಕೂರಿಸಿದ್ದೇವೆ, ಮೇಲೆ ಒಂದೂವರೆ ಅಡಿಯ ಹಂಚಿನ ಇಳಿಮಾಡೂ ಬಂದಿದೆ. ಹಳೆಯ ಪೈನ್ ಚೌಕಟ್ಟಿನ ಮೇಲಿನ ಪಟ್ಟಿ, ಎರಡು ಬದಿಯ ಮೇಲ್ಭಾಗ ಗಟ್ಟಿಯಾಗಿಯೇ ಇದ್ದವು. ಆಚಾರಿಯವರು ಅವನ್ನು ಬಿಸಾಡಲು ಬಿಡದೆ ಹತ್ತರಿ ಹೊಡೆದು ದೇವರ ಕೋಣೆಯ ಪಕ್ಕ ಮೂರು ಹಂತದ ಕಪಾಟು ಮಾಡಿಕೊಟ್ಟರು. ಈ ಮಳೆಗಾಲದಲ್ಲಿ ಅದರ ತೇವ 14% ದಾಟಿಲ್ಲ.