ಸೇಫ್ಟಿ ಡೋರಿನಾಚೆಯ ಮಕ್ಕಳು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಪಾಳಣಾಘರ, ಅಂದರೆ ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆ, ನಡೆಸುವ ನನ್ನಂಥವರ ದಿನ ಲೋಕಲ್ ಟ್ರೇನಿನ ಹೊತ್ತಿಗೆ ತಕ್ಕಂತೆ ಶುರುವಾಗುತ್ತದೆ. ಮಗು ನನ್ನ ಕೈಗೆ ಬಂದ ಮರುನಿಮಿಷ ತಾಯಿ ರಿಕ್ಷಾ ಹಿಡಿದು ಸ್ಟೇಷನ್ನಿಗೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಒಳ್ಳೆಯದೇ. ಆದರೆ ಬೆಳಗಿನ ಎಂಟೂವರೆಗೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಲೇಡೀಸ್ ಡಬ್ಬಾ ಹತ್ತುವವರು ಯಾರು? ಹಾಗಾಗಿ ಅಮ್ಮ ಮುಂಬೈಯ ಪರೇಲಿನಲ್ಲೋ ಫೋರ್ಟಿನಲ್ಲೋ, ಮಗು ನಮ್ಮಂಥವರ ಮನೆಯ ಹಾಲ್‌ನಲ್ಲಿ.

ಈ ದುಡ್ಡು ಕೊಡುವ ಮಕ್ಕಳದು ಒಂದು ಲೆಕ್ಕ. ಬಿಲ್ಡಿಂಗಿನ ಮಕ್ಕಳದು ಇನ್ನೊಂದು. ಒಳಗೆ ಆಟ ನಡೆದಿದೆ ಎಂದು ಗೊತ್ತಾದರೆ ಸಾಕು, ಸೇಫ್ಟಿ ಡೋರಿನ ಜಾಳಿಗೆಗೆ ಮೂರು ಮೂಗು ಒತ್ತಿಕೊಂಡಿರುತ್ತವೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ. ನಿಜ ಹೇಳಬೇಕೆಂದರೆ ಅವರಿಂದ ನನಗೆ ಅನುಕೂಲವೂ ಇದೆ. ಎದುರುಮನೆಯ ಒಂಬತ್ತು ವರ್ಷದ ಹುಡುಗಿ ಎದುರಿಗೆ ಕೂತು ತಾನೊಂದು ತುತ್ತು ತಿಂದು ತೋರಿಸಿದರೆ, ನನಗೆ ಬಾಯಿ ಬಿಡದ ಮಗು ಅವಳಿಗೆ ಗಬಕ್ಕನೆ ಬಿಡುತ್ತದೆ.

ಕಷ್ಟ ಶುರುವಾಗುವುದು ಅವರ ಅಮ್ಮಂದಿರಿಂದ. ಮೇಲಿನ ಮಹಡಿಯ ವೈನಿ ನಮ್ಮ ಧಾರವಾಡದ ಕಡೆಯವರೇ. ವೈನಿ ಎಂದರೆ ಅತ್ತಿಗೆ, ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. "ವೈನಿ, ಇವ ಅರ್ಧಾ ತಾಸು ಇಲ್ಲೇ ಇರ್ಲಿ, ಭಾಜಿ ತಗೊಂಡ್ ಬರ್ತೀನಿ" ಎಂದು ಆರು ವರ್ಷದ ಮಗನನ್ನು ಬಿಟ್ಟು ಹೋದರೆ, ತರಕಾರಿ ತರಲು ಪಕ್ಕದ ಊರು ಕಲ್ಯಾಣಕ್ಕೇ ಹೋದರೇನೋ ಎನ್ನುವಷ್ಟು ಹೊತ್ತು.

ಜುಲೈನ ಒಂದು ದಿನ ಬೆಳಗಿನಿಂದ ಮಳೆ ಹಿಡಿದು ಶಾಲೆಗಳನ್ನು ಮಧ್ಯಾಹ್ನಕ್ಕೇ ಬಿಟ್ಟರು. ಕುರ್ಲಾ-ಸಾಯನ್ ನಡುವೆ ಹಳಿ ಮೇಲೆ ನೀರು, ಲೋಕಲ್ ನಿಂತಿದೆ ಎಂದು ತಾಯಂದಿರ ಫೋನು ಒಂದರ ಹಿಂದೊಂದು. ನನ್ನ ಐವರ ಜೊತೆ ಬಿಲ್ಡಿಂಗಿನ ನಾಲ್ವರು ಸೇರಿದರು. ಕರೆಂಟಿಲ್ಲ. ವೈನಿಯ ಮಗ ಚಡ್ಡಿ ಕಿಸೆಯಲ್ಲಿ ಹುರಿದ ಶೇಂಗಾ ತಂದಿದ್ದ. ಪಾಪ, ಒಳ್ಳೆಯ ಹುಡುಗ, ಎಲ್ಲರಿಗೂ ಒಂದೊಂದು ಹಂಚುತ್ತಿದ್ದ. ನಾನು ತಿರುಗಿ ನೋಡುವಷ್ಟರಲ್ಲಿ ಒಂದೂವರೆ ವರ್ಷದವನ ನಾಲಿಗೆಯ ಮೇಲೆ ಇಡೀ ಕಾಳು. ಕಿರುಚಿದರೆ ಮಗು ಬೆಚ್ಚಿ ಉಸಿರೆಳೆಯುತ್ತದೆ, ಕಾಳು ಗಂಟಲಿಗಿಳಿಯುತ್ತದೆ. ಮೆಲ್ಲಗೆ ಮುಂದೆ ಕೂತು ಅವನ ಗದ್ದದ ಕೆಳಗೆ ಅಂಗೈ ಹಿಡಿದು, "ಥೂ ಮಾಡು ರಾಜಾ, ಅಮ್ಮಂಗೆ ಥೂ" ಎಂದು ನಾನೇ ನಾಲಿಗೆ ಚಾಚಿದೆ. ಆಟವೆಂದುಕೊಂಡು ನಗುತ್ತ ಅವನೂ ಚಾಚಿದ. ಜೊಲ್ಲಿನ ಸಮೇತ ಕಾಳು ಅಂಗೈಗೆ ಬಿತ್ತು. ಅರೆಯುವ ದವಡೆ ಹಲ್ಲು ಪೂರ್ತಿ ಬಾರದ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ (ಹುರಿಗಡಲೆ) ಕೊಡಬಾರದು. ಉಸಿರುನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ಇದು ಆರು ವರ್ಷದವನಿಗೆ ಹೇಗೆ ಗೊತ್ತಿರಬೇಕು?

ರಾತ್ರಿ ಒಂಬತ್ತರ ಮೇಲೆ, ಮೊಣಕಾಲಿನವರೆಗೆ ನೆನೆದು ಬಂದ ಆ ಮಗುವಿನ ತಾಯಿಗೆ ನಡೆದದ್ದನ್ನೆಲ್ಲ ಹೇಳಿದೆ. ಮಂಗಳೂರಿನ ಹುಡುಗಿ, ಮಾತು ಮೆತ್ತಗೆ. "ನಾವು ತಿಂಗಳಿಗೆ ದುಡ್ಡು ಕೊಡ್ತೇವೆ ಆಂಟಿ. ಬೇರೆಯವರ ಮಕ್ಕಳ ಶೀತ, ಶೇಂಗಾ ಎಲ್ಲ ನಮಗೆ ಫ್ರೀ ಅಲ್ವಾ?" ಎಂದಳು. ಚುಚ್ಚಿತು, ಆದರೆ ಅದರಲ್ಲಿ ತಪ್ಪೇನಿದೆ? ಬಾಗಿಲೊಳಗೆ ಕಾಲಿಟ್ಟ ಪ್ರತಿ ಮಗುವೂ ನನ್ನ ಜವಾಬ್ದಾರಿಯೇ, ದುಡ್ಡು ಕಟ್ಟಿ ಬಂದದ್ದಿರಲಿ, ಬಿಟ್ಟಿಯಾಗಿ ಬಂದದ್ದಿರಲಿ.

ಮರುದಿನ ವೈನಿ ಮನೆಗೆ ಹೋದೆ. ಹುಡುಗನ ಎದುರಿಗೆ ಹೇಳಬಾರದೆಂದು ಅವನು ಶಾಲೆಯಲ್ಲಿದ್ದ ಹೊತ್ತಿಗೇ ಹೋಗಿ ನನ್ನ ನಿಯಮ ಹೇಳಿದೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಕ್ಕಳು ಮಲಗುತ್ತಾರೆ, ಬಾಗಿಲು ತೆಗೆಯುವುದಿಲ್ಲ. ನಾಲ್ಕೂವರೆಯಿಂದ ಒಂದು ತಾಸು ಯಾರು ಬಂದರೂ ಸರಿ, ಕೈಕಾಲು ತೊಳೆದು, ಕಿಸೆ ಖಾಲಿ ಮಾಡಿ ಬರಬೇಕು. ಮೂಗು ಸೋರುತ್ತಿದ್ದರೆ ಮನೆಯಲ್ಲೇ ಇರಲಿ. ನೀವು ಹೊರಗೆ ಹೋಗುವುದಿದ್ದರೆ ಅದು ಆಟವಲ್ಲ, ಪಾಳಣಾಘರ. ತಾಸಿನ ಲೆಕ್ಕದಲ್ಲಿ ದುಡ್ಡು.

"ಇಷ್ಟ್ ಹುಡುಗ್ರಾಗ ನಮ್ಮವ ಒಬ್ಬ ಭಾರ ಆದ್ನೇನ್ರಿ?" ಎಂದರು ವೈನಿ. ಮುಂಚೆ ವಾರಕ್ಕೊಮ್ಮೆ ಅವರ ಮನೆಯಿಂದ ಬರುತ್ತಿದ್ದ ಜೋಳದ ರೊಟ್ಟಿ ನಿಂತೇಹೋಯಿತು. ರೊಟ್ಟಿಯ ಋಣದಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತೇ ಎಂದು ನನಗೂ ಒಮ್ಮೊಮ್ಮೆ ಅನಿಸಿತು, ಸುಳ್ಳೇಕೆ.

ಹುಡುಗ ಮಾತ್ರ ಬರುವುದು ಬಿಡಲಿಲ್ಲ. ನಾಲ್ಕೂವರೆಗೆ ಬಂದು ಬಾಗಿಲಲ್ಲೇ ಎರಡೂ ಕಿಸೆ ಹೊರಗೆಳೆದು ತೋರಿಸುತ್ತಾನೆ, ಬೇರೆ ಮಕ್ಕಳ ಕಿಸೆಯನ್ನೂ ತಪಾಸು ಮಾಡುತ್ತಾನೆ. ಈ ದೀಪಾವಳಿ ರಜೆಗೆ ವೈನಿಯ ತಂಗಿಯ ಮಗಳೂ ಬರುತ್ತಾಳಂತೆ. ಇಬ್ಬರನ್ನೂ ಬೆಳಗ್ಗೆಯಿಂದ ಬಿಟ್ಟರೆ ತಾಸಿನ ರೇಟಿನಲ್ಲಿ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಮೊನ್ನೆ ಲಿಫ್ಟಿನಲ್ಲಿ ವೈನಿಯೇ ಕೇಳಿದರು. ಕಡಿಮೆ ಇಲ್ಲ, ಊಟ ಮಾತ್ರ ಸೇರಿಸುತ್ತೇನೆ ಎಂದೆ.